ಗಾರ್ಡಾ ತೀರದಲ್ಲಿ ಟೆಂಟ್ ಹಾಕುವ ಕುಟುಂಬಕ್ಕೆ: ಸಾಮಾನು ಎಲ್ಲಿಂದ, ಕಸ ಎಲ್ಲಿಗೆ

ಮ್ಯೂನಿಕ್ ಸುತ್ತಮುತ್ತ ಇರುವ ನಮ್ಮವರು ಮಕ್ಕಳನ್ನು ಕಟ್ಟಿಕೊಂಡು ಟೆಂಟ್ ಹಾಕಲು ಹೊರಟರೆ ಕಾರು ಸಾಮಾನ್ಯವಾಗಿ ದಕ್ಷಿಣಕ್ಕೇ ತಿರುಗುತ್ತದೆ. ಕುಫ್‌ಸ್ಟೈನ್, ಇನ್ಸ್‌ಬ್ರುಕ್, ಬ್ರೆನ್ನರ್ ಘಾಟಿ, ಅದನ್ನು ಇಳಿದರೆ ಇಟಲಿಯ ಗಾರ್ಡಾ ಸರೋವರ. ಒಂದೇ ದಿನದ ಹಾದಿಯಲ್ಲಿ ಜರ್ಮನಿ, ಆಸ್ಟ್ರಿಯಾ, ಇಟಲಿ ಮೂರೂ ದೇಶ ಬಂದುಹೋಗುತ್ತವೆ. ಮೂರೂ ಕಡೆ ಯೂರೋ ನಡೆಯುತ್ತದೆ, ನಲ್ಲಿ ನೀರು ಕುಡಿಯಬಹುದು, ರಸ್ತೆಯೂ ಒಂದೇ ತರಹ. ಆದರೆ ಅಂಗಡಿ ಬಾಗಿಲು ಹಾಕುವ ಹೊತ್ತು, ಖಾಲಿ ಬಾಟಲಿಗೆ ವಾಪಸ್ ಸಿಗುವ ಹಣ, ಕಸದ ಡಬ್ಬಿಯ ಬಣ್ಣ ಮೂರೂ ಕಡೆ ಬೇರೆ ಬೇರೆ. ರಜೆಯಲ್ಲಿ ಗಂಡಹೆಂಡಿರ ನಡುವೆ ಮಾತು ಬಿರುಸಾಗುವುದು ಬಹುಪಾಲು ಇಂಥ ಸಣ್ಣ ವಿಷಯಗಳಿಗೇ.

ಬೆಂಗಳೂರಿನಿಂದ ಬಂದವರಿಗೆ ಹಸಿ ಕಸ, ಒಣ ಕಸ ಹೊಸದಲ್ಲ. 2015ರ ಹೈಕೋರ್ಟ್ ಆದೇಶದ ಮೇಲೆ ಹಸಿರು ಡಬ್ಬಿ, ಕೆಂಪು ಡಬ್ಬಿ, ಒಂದು ಚೀಲ ಎಂಬ ಪದ್ಧತಿ ಅಲ್ಲಿ ಮನೆಗಳಿಗೆ ಬಂತು. ಅಲ್ಲಿ ಗಾಡಿ ಬಾಗಿಲಿಗೆ ಬರುತ್ತದೆ. ಕ್ಯಾಂಪ್‌ಸೈಟಿನಲ್ಲಿ ನಾವೇ ಚೀಲ ಹಿಡಿದು ಮೂಲೆಯ ಡಬ್ಬಿಗಳ ಸಾಲಿನವರೆಗೆ ನಡೆಯಬೇಕು, ಬಿಸಿಲಲ್ಲಿ, ಒಂದು ಕೈಯಲ್ಲಿ ಮಗು ಇಟ್ಟುಕೊಂಡು. ಈ ಕಾರಣಕ್ಕೇ ಎಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಾನು ಕಸದ ಕಡೆಯಿಂದ ನೋಡುತ್ತೇನೆ. ಇವತ್ತು ಕೊಂಡದ್ದರ ಹೊದಿಕೆ ನಾಳೆ ಯಾವ ದೇಶದ ಯಾವ ಡಬ್ಬಿಗೆ ಹೋಗುತ್ತದೆ ಎಂದು ಮೊದಲು ಯೋಚಿಸಿದರೆ, ಅಂಗಡಿಯ ಆಯ್ಕೆ ತಾನಾಗಿಯೇ ಅರ್ಧ ಮುಗಿದಿರುತ್ತದೆ.

ಮನೆಯಿಂದ ಹೊರುವುದೋ, ಅಲ್ಲೇ ಕೊಳ್ಳುವುದೋ

ದಿನಸಿ ಮನೆಯಿಂದ, ತರಕಾರಿ ಹಣ್ಣು ಹಾಲು ಅಲ್ಲಿಂದ. ಇದು ನನ್ನ ಖಚಿತ ಅಭಿಪ್ರಾಯ. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಅವಲಕ್ಕಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಟೀ ಪುಡಿ ಇವೆಲ್ಲ ಮನೆಯಲ್ಲೇ ಪ್ಯಾಕೆಟ್ ಒಡೆದು ಡಬ್ಬಿಗೆ ಸುರಿದುಕೊಂಡು ಹೋಗುವಂಥವು. ಪ್ಯಾಕೆಟ್ಟಿನ ಪ್ಲಾಸ್ಟಿಕ್ ಮನೆಯ ಡಬ್ಬಿಯಲ್ಲೇ ಉಳಿಯುತ್ತದೆ, ಟೆಂಟಿಗೆ ಬರುವುದೇ ಇಲ್ಲ. ಗಾರ್ಡಾ ತೀರದ ಊರುಗಳು ಪ್ರವಾಸಿಗರ ಪುಟ್ಟ ಪಟ್ಟಣಗಳು. ಅಲ್ಲಿ ತೊಗರಿಬೇಳೆ ಹುಡುಕುತ್ತಾ ಒಂದು ಬೆಳಗ್ಗೆ ಕಳೆಯುವುದು ಬೇಡ.

ಎಲ್ಲವನ್ನೂ ಹೊತ್ತುಕೊಂಡೇ ಹೋಗುವವರೂ ಇದ್ದಾರೆ: ಎರಡು ವಾರದ ತರಕಾರಿ, ಮೊಸರಿನ ಡಬ್ಬಿಗಳು, ನೀರಿನ ಬಾಟಲಿಗಳ ಕಟ್ಟು. ಕಾರಿನಲ್ಲಿ ಮಕ್ಕಳ ಕಾಲಿಗೆ ಜಾಗವಿರುವುದಿಲ್ಲ, ಮೂರನೇ ದಿನಕ್ಕೆ ಸೊಪ್ಪು ಕೊಳೆಯುತ್ತದೆ, ಉಳಿತಾಯವೂ ಅಂದುಕೊಂಡಷ್ಟು ಆಗುವುದಿಲ್ಲ. ಇಟಲಿಯಲ್ಲಿ ಬೇಸಿಗೆಯ ಟೊಮೆಟೊ, ಬದನೆಕಾಯಿ, ಪೀಚ್ ಹಣ್ಣು ಜರ್ಮನಿಯದಕ್ಕಿಂತ ರುಚಿ, ಎಷ್ಟೋ ಸಲ ಅಗ್ಗ ಕೂಡ.

ಊರಿನಿಂದ ಅಪ್ಪ ಅಮ್ಮ ನೇರ ಬಂದು ಜೊತೆಗೂಡುವುದಾದರೆ ಅವರಿಗೆ ಮೊದಲೇ ಫೋನಿನಲ್ಲಿ ಹೇಳಿಬಿಡಿ. ಯೂರೋಪಿಯನ್ ಒಕ್ಕೂಟದೊಳಕ್ಕೆ ಭಾರತದಿಂದ ಹಾಲಿನ ಪದಾರ್ಥ, ಮಾಂಸ ಕೈಚೀಲದಲ್ಲಿ ತರುವಂತಿಲ್ಲ. ತುಪ್ಪ, ಪೇಡ ವಿಮಾನ ನಿಲ್ದಾಣದಲ್ಲೇ ಕಸದ ಪಾಲಾಗಬಹುದು. ಹಸಿ ತರಕಾರಿ, ಹಣ್ಣು, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ದುರಿಯನ್ ಇಷ್ಟಕ್ಕೆ ಮಾತ್ರ ವಿನಾಯಿತಿ. ಮನೆಯ ಹಿತ್ತಲಿನ ಕರಿಬೇವು ಆ ಪಟ್ಟಿಯಲ್ಲಿಲ್ಲ. ಅಮ್ಮಂದಿರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡೇ ಹೊರಡುತ್ತಾರೆ ಎಂಬುದು ನಿಮಗೂ ಗೊತ್ತು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಉಪ್ಪಿಟ್ಟಿನ ರವೆ ಮರೆತರೆ ಚಿಂತೆಯಿಲ್ಲ. ಜರ್ಮನಿಯ ಅಂಗಡಿಯಲ್ಲಿ ಎರಡು ಬಗೆ ಇರುತ್ತದೆ. ಹಾರ್ಟ್‌ವೈತ್ಸೆನ್‌ಗ್ರೀಸ್ ಎಂದು ಬರೆದಿರುವುದು ಗಟ್ಟಿ ಗೋಧಿಯ ರವೆ, ಉಪ್ಪಿಟ್ಟಿಗೆ ಉದುರುದುರಾಗಿ ಬರುತ್ತದೆ. ವೈಖ್‌ವೈತ್ಸೆನ್ ಎಂದಿರುವುದು ಮುದ್ದೆಯಾಗುತ್ತದೆ. ಇಟಲಿಯಲ್ಲಿ ಸೆಮೊಲಾ ರಿಮಚಿನಾತಾ ಕಂಡರೆ ಅದು ಎರಡು ಸಲ ಬೀಸಿದ ನುಣುಪು ಹಿಟ್ಟು, ನಮ್ಮ ಚಿರೋಟಿ ರವೆಯ ಹತ್ತಿರದ್ದು. ಅದನ್ನು ಚಪಾತಿಗೆ ಬೆರೆಸಬಹುದು, ಉಪ್ಪಿಟ್ಟಿಗೆ ಆಗದು.

ಕ್ಯಾಂಪ್‌ಸೈಟಿನ ಅಂಗಡಿ, ಸೂಪರ್ ಮಾರ್ಕೆಟ್, ಸಂತೆ

ಕ್ಯಾಂಪ್‌ಸೈಟಿನೊಳಗಿನ ಅಂಗಡಿ ದುಬಾರಿ. ಆದರೂ ಅದನ್ನು ಪೂರ್ತಿ ತಳ್ಳಿಹಾಕಬೇಡಿ. ಬೆಳಗಿನ ಬ್ರೆಡ್ಡಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಜರ್ಮನಿ, ಆಸ್ಟ್ರಿಯಾದ ಅನೇಕ ಕ್ಯಾಂಪ್‌ಸೈಟುಗಳಲ್ಲಿ ಹಿಂದಿನ ಸಂಜೆ ಕಚೇರಿಯಲ್ಲಿ ಬರೆಸಿದರೆ ಬೆಳಗ್ಗೆ ಬಿಸಿ ಬನ್ನು ಸಿಗುತ್ತದೆ. ಬಟ್ಟೆ ಚೀಲ ಕೊಟ್ಟು ದೊಡ್ಡ ಮಗುವನ್ನು ಕಳಿಸಿ. ಮಕ್ಕಳಿಗೆ ಅದು ಸ್ವಾತಂತ್ರ್ಯದ ಸಂಭ್ರಮ, ನಿಮಗೆ ಒಂದು ಪ್ಲಾಸ್ಟಿಕ್ ಹೊದಿಕೆ ಕಡಿಮೆ. ಬ್ರೆಡ್, ತುರ್ತಿಗೆ ಉಪ್ಪು, ಬೆಂಕಿಪೊಟ್ಟಣ, ಗ್ಯಾಸ್ ಕ್ಯಾನು ಇಷ್ಟಕ್ಕೆ ಆ ಅಂಗಡಿ ಸಾಕು.

ಗ್ಯಾಸ್ ಬಗ್ಗೆ ಹೊರಡುವ ಮುಂಚೆಯೇ ಒಂದು ತೀರ್ಮಾನ ಬೇಕು. ತಿರುಪಿನ ಕ್ಯಾನು, ನೀಲಿ ಬಣ್ಣದ ಕ್ಯಾಂಪಿಂಗ್‌ಗ್ಯಾಸ್ ಕಂಪನಿಯ ಒತ್ತಿ ಕೂರಿಸುವ ಕ್ಯಾನು, ಇವೆರಡೂ ಒಂದರ ಒಲೆಗೆ ಇನ್ನೊಂದು ಕೂರುವುದಿಲ್ಲ. ನಿಮ್ಮ ಒಲೆ ಯಾವುದು ಎಂದು ನೋಡಿಕೊಂಡು ಹೊರಡಿ. ಪ್ರೆಷರ್ ಕುಕ್ಕರ್ ಒಯ್ದರೆ ಬೇಳೆ ಬೇಗ ಬೆಂದು ಗ್ಯಾಸ್ ಉಳಿಯುತ್ತದೆ, ಖಾಲಿ ಕ್ಯಾನಿನ ಕಸವೂ ಅಷ್ಟು ಕಡಿಮೆ. ರೈಸ್ ಕುಕ್ಕರ್ ಒಯ್ಯುವ ಆಸೆಯಿದ್ದರೆ ಕ್ಯಾಂಪ್‌ಸೈಟಿನ ವಿದ್ಯುತ್ ಎಷ್ಟು ಆಂಪಿಯರ್ ಎಂದು ಕೇಳಿ. 6 ಆಂಪಿಯರ್ ಎಂದರೆ 230 ವೋಲ್ಟಿಗೆ 1380 ವಾಟ್. ಅದರ ಜೊತೆಗೆ ನೀರು ಕಾಯಿಸುವ ಕೆಟಲ್ ಹಾಕಿದರೆ ಫ್ಯೂಸ್ ಹೋಗುತ್ತದೆ, ಅಕ್ಕಪಕ್ಕದವರ ದೀಪವೂ ಆರಬಹುದು.

ಸೂಪರ್ ಮಾರ್ಕೆಟ್ಟುಗಳಲ್ಲಿ ಜರ್ಮನಿಯ ಆಲ್ಡಿ ಆಸ್ಟ್ರಿಯಾದಲ್ಲಿ ಹೋಫರ್ ಎಂಬ ಹೆಸರಿನಲ್ಲಿದೆ. ಇನ್ಸ್‌ಬ್ರುಕ್ ಸುತ್ತಲಿನ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ ಎಂಪ್ರೈಸ್ ಎಂಬ ಸ್ಥಳೀಯ ಸರಪಳಿ ಊರೂರಿಗೂ ಇದೆ. ಇಟಲಿಗೆ ಬಂದರೆ ಯೂರೋಸ್ಪಿನ್, ಲಿಡ್ಲ್, ಕೊನಾಡ್, ಕೋಪ್, ಎಸ್ಸೆಲುಂಗಾ. ಬೆಲೆಯಲ್ಲಿ ಯೂರೋಸ್ಪಿನ್, ಲಿಡ್ಲ್ ಅಗ್ಗ. ಆದರೆ ಅಗ್ಗದ ಅಂಗಡಿಗಳಲ್ಲಿ ತರಕಾರಿ ಬಹಳಷ್ಟು ತಟ್ಟೆಯಲ್ಲಿಟ್ಟು ಪ್ಲಾಸ್ಟಿಕ್ ಹೊದಿಸಿ ಬರುತ್ತದೆ. ನಾಲ್ಕು ಜನರ ಒಂದು ಹೊತ್ತಿನ ಪಲ್ಯಕ್ಕೆ ಮೂರು ತಟ್ಟೆ ಕಸ. ಕೊನಾಡ್, ಕೋಪ್‌ಗಳಲ್ಲಿ ಬಿಡಿ ತರಕಾರಿ ಹೆಚ್ಚು. ಕೈಗವಸು ಹಾಕಿಕೊಂಡು ಆರಿಸಿ, ತಕ್ಕಡಿಯಲ್ಲಿಟ್ಟು, ಫಲಕದಲ್ಲಿರುವ ಸಂಖ್ಯೆ ಒತ್ತಿ ಚೀಟಿ ಅಂಟಿಸಬೇಕು. ಚೀಟಿ ಇಲ್ಲದೆ ಹೋದರೆ ಗಲ್ಲಾದವರು ವಾಪಸ್ ಕಳಿಸುತ್ತಾರೆ, ಹಿಂದೆ ಸಾಲು ಬೆಳೆಯುತ್ತದೆ.

ಅಲ್ಲಿ ತರಕಾರಿ ತುಂಬಲು ಕೊಡುವ ತೆಳು ಚೀಲವನ್ನು ಎಸೆಯಬೇಡಿ. ಇಟಲಿಯಲ್ಲಿ 2018ರ ಜನವರಿಯಿಂದ ಹಣ್ಣು ತರಕಾರಿಯ ಚೀಲ ಕೊಳೆತು ಗೊಬ್ಬರವಾಗುವ ವಸ್ತುವಿನದೇ ಆಗಿರಬೇಕೆಂದು ಕಾನೂನಿದೆ, ಬಿಲ್ಲಿನಲ್ಲಿ ಅದಕ್ಕೆ ಒಂದೆರಡು ಸೆಂಟ್ ಹಾಕಿರುತ್ತಾರೆ. ಇವತ್ತು ಟೊಮೆಟೊ ತಂದ ಚೀಲ ನಾಳೆ ಹಸಿ ಕಸದ ಚೀಲ. ಸಿಪ್ಪೆ, ಟೀ ಚರಟ, ಅನ್ನದ ಅಗುಳು ಎಲ್ಲ ಅದರೊಳಕ್ಕೆ, ಗಂಟು ಕಟ್ಟಿ ಚೀಲದ ಸಮೇತ ಹಸಿ ಕಸದ ಡಬ್ಬಿಗೆ. ಹಾಗಾಗಿ ಇಟಲಿಯಲ್ಲಿ ಹಸಿ ಕಸಕ್ಕೆಂದು ಬೇರೆ ಚೀಲ ಕೊಳ್ಳುವ ಅಗತ್ಯವೇ ಇಲ್ಲ. ಅದೇ ಚೀಲ ಮಿಕ್ಕಿತೆಂದು ಜರ್ಮನಿಗೆ ತಂದು ಮನೆಯ ಕಂದು ಡಬ್ಬಿಗೆ ಹಾಕಬೇಡಿ. ಮ್ಯೂನಿಕ್ ಸೇರಿದಂತೆ ಅಲ್ಲಿನ ಅನೇಕ ನಗರಗಳು ಹಸಿ ಕಸದಲ್ಲಿ ಇಂಥ ಚೀಲವನ್ನು ಒಪ್ಪುವುದಿಲ್ಲ, ಕಾಗದದ ಚೀಲ ಇಲ್ಲವೇ ಹಳೆ ಪತ್ರಿಕೆಯನ್ನಷ್ಟೇ ಒಪ್ಪುತ್ತವೆ.

ನನ್ನನ್ನು ಕೇಳಿದರೆ ಮೊದಲ ಸ್ಥಾನ ಸಂತೆಗೆ. ಗಾರ್ಡಾದ ಪೂರ್ವ ತೀರದಲ್ಲಿ ವಾರದ ಸಂತೆ ಊರಿಂದೂರಿಗೆ ಸರಿಯುತ್ತಾ ಹೋಗುತ್ತದೆ: ಸೋಮವಾರ ಪೆಸ್ಕಿಯೆರಾ, ಬುಧವಾರ ಲಾಜೀಸೆ, ಗುರುವಾರ ಬಾರ್ದೊಲಿನೊ, ಶುಕ್ರವಾರ ಗಾರ್ಡಾ ಊರು. ದಕ್ಷಿಣದ ದೆಸೆಂಜಾನೊದಲ್ಲಿ ಮಂಗಳವಾರ. ಎಲ್ಲವೂ ಬೆಳಗಿನ ಹೊತ್ತು, ಮಧ್ಯಾಹ್ನವಾಗುತ್ತಲೇ ಗಾಡಿಗಳು ಹೊರಡುತ್ತವೆ. ನಿಮ್ಮ ಬಟ್ಟೆ ಚೀಲ ಮುಂದೆ ಹಿಡಿದರೆ ಬದನೆಕಾಯಿ, ದಪ್ಪ ಮೆಣಸಿನಕಾಯಿ, ಪೀಚ್ ಅದರೊಳಕ್ಕೇ ಸುರಿಯುತ್ತಾರೆ. ಚೀಸ್ ಗಾಡಿಯಲ್ಲಿ ಬೇಕಾದಷ್ಟೇ ಕತ್ತರಿಸಿ ಕಾಗದದಲ್ಲಿ ಸುತ್ತಿಕೊಡುತ್ತಾರೆ. ಸಂತೆಯ ಮುಕ್ಕಾಲು ಪಾಲು ಬಟ್ಟೆ, ಚಪ್ಪಲಿ, ಚರ್ಮದ ಚೀಲಗಳೇ ಇರುತ್ತವೆ, ನಿಜ. ತರಕಾರಿ ಗಾಡಿಗಳು ಕೆಲವೇ ಇದ್ದರೂ ಒಂದು ಕುಟುಂಬಕ್ಕೆ ಎರಡು ದಿನಕ್ಕಾಗುವಷ್ಟು ಧಾರಾಳವಾಗಿ ಸಿಗುತ್ತದೆ. ಮಕ್ಕಳು ಸೂಪರ್ ಮಾರ್ಕೆಟ್ಟಿನಲ್ಲಿ ಚಾಕೊಲೇಟ್ ಸಾಲಿಗೆ ಓಡುತ್ತಾರೆ, ಸಂತೆಯಲ್ಲಿ ಪೀಚ್ ಹಣ್ಣಿಗೆ ಕೈಚಾಚುತ್ತಾರೆ. ಈ ಒಂದು ಕಾರಣಕ್ಕೂ ನಾನು ಸಂತೆಯ ಪರ.

ಇಟಲಿಯ ಕ್ಯಾಂಪ್‌ಸೈಟುಗಳಲ್ಲಿ ಮಧ್ಯಾಹ್ನದ ವಿಶ್ರಾಂತಿ ಕಟ್ಟುನಿಟ್ಟು ಎಂಬುದು ತಲೆಯಲ್ಲಿರಲಿ. ಸುಮಾರು ಒಂದರಿಂದ ಮೂರು ಗಂಟೆಯವರೆಗೆ ಗೇಟು ಹಾಕಿರುತ್ತಾರೆ, ಕಾರು ಒಳಗೆ ಬಿಡುವುದಿಲ್ಲ. ಹನ್ನೆರಡೂವರೆಗೆ ಐಸ್‌ಕ್ರೀಮ್ ಡಬ್ಬ ಕೊಂಡು ಹೊರಟರೆ ಅದು ಗೇಟಿನ ಹೊರಗೇ ಕರಗುತ್ತದೆ. ಸಾಮಾನಿನ ಸುತ್ತಾಟ ಹನ್ನೆರಡರೊಳಗೆ ಮುಗಿಯಲಿ.

ಎಷ್ಟು ಸಲ ಕೊಳ್ಳಬೇಕು? ನಿಮ್ಮ ತಂಪು ಪೆಟ್ಟಿಗೆಯನ್ನು ಕೇಳಿ

ವಾರಕ್ಕೊಮ್ಮೆ ದೊಡ್ಡ ಖರೀದಿಯೋ, ದಿನ ಬಿಟ್ಟು ದಿನ ಸಣ್ಣದೋ ಎಂಬುದನ್ನು ತೀರ್ಮಾನಿಸುವುದು ಜೇಬಿಗಿಂತ ಹೆಚ್ಚಾಗಿ ತಂಪು ಪೆಟ್ಟಿಗೆ.

ಐಸ್ ಗಟ್ಟಿ ಇಟ್ಟುಕೊಳ್ಳುವ ಸಾದಾ ಪೆಟ್ಟಿಗೆ ಅಗ್ಗ. ಐಸ್ ಗಟ್ಟಿಯನ್ನು ಅನೇಕ ಕ್ಯಾಂಪ್‌ಸೈಟುಗಳ ಕಚೇರಿಯಲ್ಲಿ ಮತ್ತೆ ಹೆಪ್ಪುಗಟ್ಟಿಸಿ ಕೊಡುತ್ತಾರೆ. ಎರಡು ಜೊತೆ ಇದ್ದರೆ ಒಂದು ಅಲ್ಲಿ, ಒಂದು ಪೆಟ್ಟಿಗೆಯಲ್ಲಿ. ಮೇಲೆ ಹೆಸರು ಬರೆಯಿರಿ. ಕಾರಿನ 12 ವೋಲ್ಟಿಗೆ ಸಿಕ್ಕಿಸುವ ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆಯನ್ನು ನಂಬಿ ಹಾಲು ಮೊಸರು ತುಂಬಿಸುವವರು ಒಂದು ಲೆಕ್ಕ ಮಾಡಬೇಕು. ಅದು ಹೊರಗಿನ ಉಷ್ಣಾಂಶಕ್ಕಿಂತ 15ರಿಂದ 20 ಡಿಗ್ರಿ ಕಡಿಮೆ ಮಾಡುತ್ತದೆ, ಅಷ್ಟೇ. ಟಿರೋಲ್‌ನ ಬೆಟ್ಟದಲ್ಲಿ 20 ಡಿಗ್ರಿ ಇದ್ದಾಗ ಅದು ಚೆನ್ನಾಗಿ ತಣಿಸುತ್ತದೆ. ಗಾರ್ಡಾದಲ್ಲಿ ಜುಲೈ ಮಧ್ಯಾಹ್ನ 32 ಡಿಗ್ರಿ ಏರಿದರೆ ಪೆಟ್ಟಿಗೆಯೊಳಗೆ 12ರಿಂದ 17, ಹಾಲು ಒಡೆಯಲು ಅದು ಸಾಕು. ಕಂಪ್ರೆಸರ್ ಇರುವ ಪೆಟ್ಟಿಗೆ ಮಾತ್ರ ಹೊರಗಿನ ಬಿಸಿಲಿಗೆ ಜಗ್ಗದೆ ಮನೆಯ ಫ್ರಿಜ್ಜಿನಂತೆ ನಡೆಯುತ್ತದೆ. ದುಬಾರಿ, ಭಾರ. ಚಿಕ್ಕ ಮಗು ಇದ್ದರೆ, ಅಥವಾ ಯಾರಿಗಾದರೂ ಇನ್ಸುಲಿನ್ ತಂಪಾಗಿ ಇಡಬೇಕಿದ್ದರೆ ಅದಕ್ಕೆ ಹಣ ಹಾಕಿ. ಉಳಿದವರು ಸಾದಾ ಪೆಟ್ಟಿಗೆ ಇಟ್ಟುಕೊಂಡು ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ತರುವುದೇ ಮೇಲು. ಹಾಳಾಗಿ ಎಸೆಯುವುದು ಇದರಿಂದ ನಿಜವಾಗಿಯೂ ಕಡಿಮೆಯಾಗುತ್ತದೆ.

ಮೊಸರಿಗೆ ನನ್ನ ದಾರಿ ಬೇರೆ. ನಾಲ್ಕು ಜನರ ಮನೆಯಲ್ಲಿ ಮೊಸರನ್ನಕ್ಕೆ ದಿನಕ್ಕೊಂದು ಪ್ಲಾಸ್ಟಿಕ್ ಡಬ್ಬಿ ಖಾಲಿಯಾಗುತ್ತದೆ. ಅದರ ಬದಲು ತೆರೆಯುವವರೆಗೆ ಫ್ರಿಜ್ ಬೇಡದ ಲೀಟರ್ ಹಾಲು ಕೊಂಡು, ಸಂಜೆ ಉಗುರುಬೆಚ್ಚಗೆ ಕಾಯಿಸಿ, ಅಂಗಡಿಯ ಸಾದಾ ಮೊಸರು ಒಂದು ಚಮಚ ಹೆಪ್ಪು ಹಾಕಿ, ಸ್ಟೀಲ್ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಟೆಂಟಿನ ಮೂಲೆಯಲ್ಲಿಡಿ. ಗಾರ್ಡಾದ ಬೇಸಿಗೆ ರಾತ್ರಿಗೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು. ಆ ಮಧ್ಯಾಹ್ನವೇ ಮುಗಿಸಿದರೆ ಫ್ರಿಜ್ಜಿನ ಮಾತೇ ಇಲ್ಲ. ಟಿರೋಲ್‌ನ ತಣ್ಣನೆಯ ರಾತ್ರಿಯಲ್ಲಿ ಇದು ಆಗುವುದಿಲ್ಲ, ಅಲ್ಲಿ ಕೊಳ್ಳುವುದೇ ಸರಿ.

ಶನಿವಾರ ಸಂಜೆ ಆರು ಗಂಟೆ

ಆಸ್ಟ್ರಿಯಾದಲ್ಲಿ ಅಂಗಡಿಗಳು ಶನಿವಾರ ಸಂಜೆ ಆರಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸೋಮವಾರ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಶನಿವಾರ ರಾತ್ರಿ ಎಂಟರವರೆಗೆ ಇರುತ್ತವೆ, ಭಾನುವಾರ ಅಲ್ಲೂ ಇಲ್ಲ. ಎರಡೂ ಕಡೆ ಭಾನುವಾರ ಆಸರೆಯೆಂದರೆ ಪೆಟ್ರೋಲ್ ಬಂಕ್, ದೊಡ್ಡ ರೈಲು ನಿಲ್ದಾಣದ ಅಂಗಡಿ, ಬೆಳಗಿನ ಕೆಲವು ಗಂಟೆ ಬೇಕರಿ. ಇಟಲಿಯ ಪ್ರವಾಸಿ ಊರುಗಳಲ್ಲಿ ಸೂಪರ್ ಮಾರ್ಕೆಟ್ ಭಾನುವಾರವೂ ತೆರೆದಿರುತ್ತದೆ. ಶಾಲೆಗೆ ರಜೆ ಬಿದ್ದ ಶನಿವಾರವೇ ಎಲ್ಲರೂ ಹೊರಡುವುದರಿಂದ ಈ ಲೆಕ್ಕ ಬಹಳ ಕುಟುಂಬಗಳಿಗೆ ತಾಗುತ್ತದೆ. ಮೊದಲ ರಾತ್ರಿ ಟಿರೋಲ್‌ನಲ್ಲಿ ತಂಗುವುದಾದರೆ ಭಾನುವಾರದ ಹಾಲು, ಬ್ರೆಡ್ ಬವೇರಿಯಾದಲ್ಲೇ ಕೊಳ್ಳಿ. ನೇರ ಇಟಲಿಗೆ ಹೋಗುವವರು ಕಾರಿಗೆ ಹೆಚ್ಚೇನೂ ತುಂಬಬೇಕಿಲ್ಲ.

ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ. ಅಂದು ಆಸ್ಟ್ರಿಯಾದಲ್ಲೂ ಬವೇರಿಯಾದ ಬಹುಪಾಲು ಊರುಗಳಲ್ಲೂ ಮೇರಿ ಮಾತೆಯ ಹಬ್ಬ, ಅಂಗಡಿ ರಜೆ. ಇಟಲಿಗೆ ಅದು ಫೆರಾಗೊಸ್ತೊ, ಬೇಸಿಗೆಯ ನಡು ಹಬ್ಬ. ಸಣ್ಣ ಅಂಗಡಿಗಳು ಮುಚ್ಚಿರುತ್ತವೆ, ಸರೋವರದ ತೀರ ತುಂಬಿ ತುಳುಕುತ್ತದೆ. ಹಿಂದಿನ ದಿನವೇ ತಂದಿಟ್ಟುಕೊಳ್ಳಿ.

ನೀರು, ಬಾಟಲಿ, ಠೇವಣಿ

ಕುಡಿಯುವ ನೀರು ಕೊಳ್ಳಬೇಡಿ. ಮೂರೂ ದೇಶಗಳಲ್ಲಿ ನಲ್ಲಿ ನೀರು ಒಳ್ಳೆಯದು. ಜರ್ಮನ್ ನಾಡಿನಲ್ಲಿ ಕೈನ್ ಟ್ರಿಂಕ್‌ವಾಸರ್, ಇಟಲಿಯಲ್ಲಿ ನೋನ್ ಪೊತಾಬಿಲೆ, ಅಂದರೆ ಕುಡಿಯುವ ನೀರಲ್ಲ, ಎಂದು ಬರೆದಿರುವ ನಲ್ಲಿಯದನ್ನು ಮಾತ್ರ ಕುಡಿಯಬೇಡಿ. ಹತ್ತು ಲೀಟರಿನ ಮಡಿಸುವ ಕ್ಯಾನು ಒಂದಿದ್ದರೆ ಸಾಕು. ಆರು ಬಾಟಲಿಯ ಕಟ್ಟು ಕೊಂಡಾಗ ಬರುವ ಪ್ಲಾಸ್ಟಿಕ್ ರಾಶಿ ಟೆಂಟಿನ ಕಸದಲ್ಲೇ ಹೆಚ್ಚು ಜಾಗ ಹಿಡಿಯುವಂಥದ್ದು.

ಮಕ್ಕಳಿಗೆ ಜ್ಯೂಸು, ಸೋಡ ಕೊಂಡರೆ ಠೇವಣಿಯ ಲೆಕ್ಕ ಶುರು: ಕೊಳ್ಳುವಾಗ ಬಾಟಲಿಗೂ ಹಣ ಕೊಟ್ಟು, ಖಾಲಿ ಬಾಟಲಿ ಅಂಗಡಿಗೆ ಕೊಟ್ಟಾಗ ಅದನ್ನು ವಾಪಸ್ ಪಡೆಯುವುದು. ಜರ್ಮನಿಯಲ್ಲಿ ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ 25 ಸೆಂಟ್. ಮರುಬಳಕೆಯ ಗಾಜಿನ ಬಿಯರ್ ಬಾಟಲಿಗೆ 8, ಮೊಸರಿನ ಗಾಜಿನ ಜಾಡಿಗೆ 15. ಆಸ್ಟ್ರಿಯಾ 2025ರ ಜನವರಿ 1ರಿಂದ ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳಿಗೆ ತಾನೂ 25 ಸೆಂಟ್ ಠೇವಣಿ ತಂದಿದೆ. ಇಟಲಿಯಲ್ಲಿ ಹೀಗೆ ದೇಶವ್ಯಾಪಿ ಠೇವಣಿ ಇಲ್ಲ. ಮೊತ್ತ ಒಂದೇ ಆದರೂ ಅಂಗಡಿಯಲ್ಲಿ ಖಾಲಿ ಬಾಟಲಿ ಪಡೆಯುವ ಜರ್ಮನಿಯ ಯಂತ್ರ ಆಸ್ಟ್ರಿಯಾದ ಬಾಟಲಿಗೆ ಹಣ ಕೊಡುವುದಿಲ್ಲ, ಅಲ್ಲಿಯದು ಇಲ್ಲಿಯದಕ್ಕೂ ಅಷ್ಟೇ. ಕೊಂಡ ದೇಶದಲ್ಲೇ ಹಿಂದಿರುಗಿಸಬೇಕು, ಜಜ್ಜಬಾರದು, ಚೀಟಿಯ ಬಾರ್‌ಕೋಡ್ ಓದುವಂತಿರಬೇಕು. ಜರ್ಮನಿಯಲ್ಲಿ 200 ಚದರ ಮೀಟರಿಗಿಂತ ಚಿಕ್ಕ ಅಂಗಡಿ ತಾನು ಮಾರುವ ಬ್ರ್ಯಾಂಡನ್ನಷ್ಟೇ ವಾಪಸ್ ಪಡೆದರೆ ಸಾಕು, ಆದ್ದರಿಂದ ಕ್ಯಾಂಪ್‌ಸೈಟಿನ ಪುಟ್ಟ ಅಂಗಡಿಯವರು ಬೇಡವೆಂದರೆ ಜಗಳವಾಡಬೇಡಿ, ದೊಡ್ಡ ಅಂಗಡಿಗೆ ಹೋಗಿ.

ಇಟಲಿಗೆ ಹೋಗುವ ದಾರಿಯಲ್ಲಿ ಜರ್ಮನಿಯ ಠೇವಣಿ ಬಾಟಲಿ ತುಂಬಿಕೊಂಡು ಹೋಗುವುದಕ್ಕಿಂತ ಜ್ಯೂಸನ್ನು ಇಟಲಿಯಲ್ಲೇ ಕೊಳ್ಳುವುದು ಮೇಲು. ಅದರಲ್ಲೂ ಗಾಜಿನ ಬಾಟಲಿಯದು. ಇಟಲಿಯಲ್ಲಿ ಗಾಜು ವೆತ್ರೊ ಡಬ್ಬಿಗೆ, ಅದರಲ್ಲಿ ಗೊಂದಲವಿಲ್ಲ. ರಟ್ಟಿನ ಪೆಟ್ಟಿಗೆಯ ಜ್ಯೂಸು, ಟೊಮೆಟೊ ಪಸ್ಸಾತಾ (ಸೋಸಿದ ಟೊಮೆಟೊ ತಿರುಳು), ಹಾಲಿನದು ಹಾಗಲ್ಲ. ಗಾರ್ಡಾ ಸರೋವರ ವೆನೆತೊ, ಲೊಂಬಾರ್ದಿಯಾ, ತ್ರೆಂತೀನೊ ಎಂಬ ಮೂರು ಪ್ರಾಂತ್ಯಗಳಿಗೆ ಸೇರಿದೆ, ಕಸದ ನಿಯಮ ಆಯಾ ಪುರಸಭೆಯದು. ರಟ್ಟಿನ ಪೆಟ್ಟಿಗೆ ಒಂದು ಊರಿನಲ್ಲಿ ಕಾಗದದ ಜೊತೆ, ಪಕ್ಕದ ಊರಿನಲ್ಲಿ ಪ್ಲಾಸ್ಟಿಕ್ ಜೊತೆ ಹೋಗಬಹುದು. ಡಬ್ಬಿಯ ಮೇಲಿನ ಚಿತ್ರ ನೋಡಿಯೇ ಹಾಕಿ.

ಮೂರು ದೇಶದ ಡಬ್ಬಿಗಳು

ಜರ್ಮನಿ: ಸಾಮಾನಿನ ಹೊದಿಕೆ, ತಗಡಿನ ಡಬ್ಬ, ರಟ್ಟಿನ ಹಾಲಿನ ಪೆಟ್ಟಿಗೆ ಹಳದಿಗೆ. ಕಾಗದ ಸಾಮಾನ್ಯವಾಗಿ ನೀಲಿಗೆ, ಹಸಿ ಕಸ ಕಂದಿಗೆ, ಉಳಿದದ್ದು ಕಪ್ಪು ಅಥವಾ ಬೂದಿಗೆ. ಗಾಜನ್ನು ಬಿಳಿ, ಕಂದು, ಹಸಿರು ಎಂದು ಮೂರಾಗಿ ಬೇರ್ಪಡಿಸಬೇಕು. ನೀಲಿ ಗಾಜು ಹಸಿರಿನ ಜೊತೆ. ಭಾನುವಾರ ಮತ್ತು ವಿಶ್ರಾಂತಿಯ ಹೊತ್ತಿನಲ್ಲಿ ಗಾಜು ಹಾಕಬಾರದು, ಆ ಸದ್ದು ಅಕ್ಕಪಕ್ಕದ ಟೆಂಟುಗಳ ಮಕ್ಕಳ ನಿದ್ದೆ ಕೆಡಿಸುತ್ತದೆ.

ಆಸ್ಟ್ರಿಯಾದಲ್ಲಿ ಕಾಗದದ ಬಣ್ಣ ಕೆಂಪು. ಗಾಜು ಎರಡೇ ಬಗೆ: ಬಿಳಿ, ಬಣ್ಣದ್ದು. 2025ರಿಂದ ದೇಶವಿಡೀ ಪ್ಲಾಸ್ಟಿಕ್ ಮತ್ತು ಲೋಹದ ಹೊದಿಕೆಗಳು ಒಟ್ಟಿಗೆ ಹಳದಿಗೆ. ಬೆಂಗಳೂರಿನಲ್ಲಿ ಕೆಂಪು ಡಬ್ಬಿ ಎಂದರೆ ಡಯಾಪರ್, ಪ್ಯಾಡ್. ಆ ಅಭ್ಯಾಸ ಕೈಗೆ ಅಂಟಿದ್ದರೆ ಇಲ್ಲಿ ಎಚ್ಚರವಿರಲಿ, ಬಣ್ಣ ನೋಡಿ ಹಾಕಿದರೆ ಕಾಗದದ ಡಬ್ಬಿ ಪೂರ್ತಿ ಹಾಳಾಗುತ್ತದೆ.

ಇಟಲಿಯಲ್ಲಿ ಬಣ್ಣವನ್ನು ನಂಬಲೇಬೇಡಿ, ಬರಹ ಓದಿ. ಉಮಿಡೊ ಅಥವಾ ಓರ್ಗಾನಿಕೊ ಎಂದರೆ ಹಸಿ ಕಸ. ಕಾರ್ತಾ ಕಾಗದ, ಪ್ಲಾಸ್ತಿಕಾ ಪ್ಲಾಸ್ಟಿಕ್, ವೆತ್ರೊ ಗಾಜು. ಸೆಕ್ಕೊ ಅಥವಾ ಇಂಡಿಫ್ಫೆರೆಂಜಿಯಾತೊ ಎಂದರೆ ಉಳಿದ ಕಸ. ತಗಡಿನ ಡಬ್ಬ ಕೆಲವು ಊರುಗಳಲ್ಲಿ ಗಾಜಿನ ಜೊತೆ, ಕೆಲವು ಕಡೆ ಪ್ಲಾಸ್ಟಿಕ್ ಜೊತೆ. ಅಂಗಡಿಯ ಬಿಲ್ಲು ಕಾಗದದಂತೆ ಕಂಡರೂ ಕಾಗದಕ್ಕೆ ಹೋಗುವುದಿಲ್ಲ. ಶಾಖದಿಂದ ಮುದ್ರಿಸಿದ ಹಾಳೆಯಾದ್ದರಿಂದ ಉಳಿದ ಕಸಕ್ಕೆ. ಕ್ಯಾಂಪ್‌ಸೈಟಿಗೆ ಕಾಲಿಟ್ಟ ದಿನವೇ ಕಚೇರಿಯಲ್ಲಿ ಕಸದ ಚೀಟಿ ಕೇಳಿ ಪಡೆಯಿರಿ ಅಥವಾ ಡಬ್ಬಿಗಳ ಮೇಲಿನ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ನಿಂತು ಕೊಳ್ಳಲೋ ಬೇಡವೋ ಎಂದು ಅನುಮಾನಿಸುವಾಗ ಆ ಚಿತ್ರ ನೋಡಬಹುದು.

ಸ್ವಿಟ್ಜರ್ಲೆಂಡಿನ ಮೂಲಕ ಹೋಗುವವರಿಗೆ ಎರಡು ಮಾತು. ಅಲ್ಲಿ ಹೆಚ್ಚಿನ ಊರುಗಳಲ್ಲಿ ಉಳಿದ ಕಸವನ್ನು ಶುಲ್ಕ ತುಂಬಿದ ಚೀಲದಲ್ಲೇ ಹಾಕಬೇಕು, ಜ್ಯೂರಿಕ್‌ನಲ್ಲಿ ಇದು 1993ರಿಂದ ಇದೆ. ಗಡಿಯಲ್ಲಿ ತಲೆಗೆ ಮಾಂಸ 1 ಕಿಲೋ, ಬೆಣ್ಣೆ ಮತ್ತು ಕೆನೆ ಸೇರಿ 1 ಕಿಲೋ ಮಾತ್ರ ಸುಂಕವಿಲ್ಲದೆ ಒಯ್ಯಬಹುದು.

ಟೆಂಟಿನ ಬಳಿ

ದೊಡ್ಡದೊಂದು ಚೀಲಕ್ಕೆ ಎಲ್ಲವನ್ನೂ ತುಂಬಿ ಆಮೇಲೆ ಡಬ್ಬಿಯ ಮುಂದೆ ನಿಂತು ಬಿಡಿಸುವವರನ್ನು ಎಲ್ಲ ಕ್ಯಾಂಪ್‌ಸೈಟಿನಲ್ಲೂ ಕಾಣಬಹುದು. ಆಗಸ್ಟಿನಲ್ಲಿ ಆ ಚೀಲದ ಸುತ್ತ ಕಣಜಗಳು ಮುತ್ತಿರುತ್ತವೆ, ಮಕ್ಕಳಿಗೆ ಕಚ್ಚುತ್ತವೆ. ಅದರ ಬದಲು ಒಂದು ಡಬ್ಬಿ, ಎರಡು ತೂಗುಚೀಲ ಸಾಕು. ಹಸಿ ಕಸಕ್ಕೆ ಮುಚ್ಚಳವಿರುವ ಸಣ್ಣ ಡಬ್ಬಿ, ಅದನ್ನು ದಿನವೂ ರಾತ್ರಿ ಮಲಗುವ ಮುಂಚೆ ಖಾಲಿ ಮಾಡಬೇಕು. ಒಣ ಹೊದಿಕೆಗೆ ಒಂದು ಚೀಲ, ಗಾಜು ಮತ್ತು ಠೇವಣಿ ಬಾಟಲಿಗೆ ಒಂದು. ಉಳಿದ ಕಸ ಅಷ್ಟು ಕಡಿಮೆ ಬರುತ್ತದೆ, ಅದಕ್ಕೆ ಬ್ರೆಡ್ಡಿನ ಖಾಲಿ ಚೀಲವೇ ಸಾಕು. ಡಯಾಪರ್ ಇದ್ದರೆ ಮಾತು ಬೇರೆ: ಅವು ಉಳಿದ ಕಸಕ್ಕೆ, ಬಿಗಿಯಾಗಿ ಕಟ್ಟಿ, ದಿನಕ್ಕೆ ಎರಡು ಸಲ.

ಬಳಸಿ ಎಸೆಯುವ ತಟ್ಟೆಯೋ, ಸ್ಟೀಲ್ ತಟ್ಟೆಯೋ? ಯೂರೋಪಿಯನ್ ಒಕ್ಕೂಟ 2021ರ ಜುಲೈನಿಂದ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಚಮಚಗಳ ಮಾರಾಟ ನಿಲ್ಲಿಸಿದೆ. ಈಗ ಸಿಗುವ ಕಾಗದದ ತಟ್ಟೆ ಸಾರು ತಗುಲಿದ ಮೇಲೆ ಕಾಗದದ ಡಬ್ಬಿಗೆ ಹೋಗುವುದಿಲ್ಲ, ಉಳಿದ ಕಸವಾಗುತ್ತದೆ. ಸ್ಟೀಲ್ ತಟ್ಟೆ ಒಯ್ಯಿರಿ. ಪಾತ್ರೆ ತೊಳೆಯಲು ಎಲ್ಲ ಕ್ಯಾಂಪ್‌ಸೈಟಿನಲ್ಲೂ ಜಾಗ ಇರುತ್ತದೆ. ತೊಳೆಯುವ ಮುಂಚೆ ಅಗುಳು, ಒಗ್ಗರಣೆಯ ಮೆಣಸಿನಕಾಯಿ, ಸಾಸಿವೆ ಎಲ್ಲವನ್ನೂ ಹಸಿ ಕಸಕ್ಕೆ ಕೆರೆದು ಹಾಕಿ. ಸಿಂಕ್ ಕಟ್ಟಿಕೊಂಡರೆ ನಿಮ್ಮ ಹಿಂದೆ ನಿಂತವರಿಗೆ ತೊಂದರೆ.

ಕರಿದ ಎಣ್ಣೆ ಸಿಂಕಿಗೂ ಬೇಡ, ಮರದ ಬುಡಕ್ಕೂ ಬೇಡ. ಬಜ್ಜಿ, ಪೂರಿಯ ಆಸೆಯಾದರೆ ಆರಿದ ಎಣ್ಣೆಯನ್ನು ಬಾಟಲಿಗೆ ತುಂಬಿ ಎಲ್ಲಿ ಕೊಡಬೇಕೆಂದು ಕಚೇರಿಯಲ್ಲಿ ಕೇಳಿ. ಟಾರ್ಚಿನ ಬ್ಯಾಟರಿಗಳನ್ನು ಮೂರೂ ದೇಶಗಳಲ್ಲಿ ಬ್ಯಾಟರಿ ಮಾರುವ ಅಂಗಡಿಯೇ ವಾಪಸ್ ತೆಗೆದುಕೊಳ್ಳಬೇಕು. ಹೆದ್ದಾರಿಯ ವಿಶ್ರಾಂತಿ ತಾಣದ ಡಬ್ಬಿಗಳಿಗೆ ಟೆಂಟಿನ ವಾರದ ಕಸ ಸುರಿಯಬಾರದು. ಅವು ದಾರಿಯಲ್ಲಿ ತಿಂದದ್ದಕ್ಕೆ ಮಾತ್ರ ಇರುವುದು, ಮನೆಕಸ ಸುರಿದರೆ ದಂಡ ಹಾಕುತ್ತಾರೆ.

ಹೊರಡುವ ದಿನ

ಕೊನೆಯ ಎರಡು ದಿನ ಹೊಸದೇನೂ ಕೊಳ್ಳದೆ ಇರುವುದನ್ನೇ ಮುಗಿಸಿ. ಮಿಕ್ಕ ತರಕಾರಿ ಒಂದು ದೊಡ್ಡ ಪಾತ್ರೆ ಬಿಸಿಬೇಳೆಬಾತ್‌ಗೆ ಸರಿಯಾಗುತ್ತದೆ, ಪಕ್ಕದ ಟೆಂಟಿನವರಿಗೂ ಒಂದು ಬಟ್ಟಲು ಕೊಡಿ. ಅರ್ಧ ಉಳಿದ ಎಣ್ಣೆ, ಉಪ್ಪು, ಗ್ಯಾಸ್ ಕ್ಯಾನನ್ನು ಆಗ ತಾನೇ ಬಂದಿಳಿದ ಕುಟುಂಬಕ್ಕೆ ಕೇಳಿ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಕೆಲವು ಕ್ಯಾಂಪ್‌ಸೈಟುಗಳಲ್ಲಿ ಇದಕ್ಕೆಂದೇ ಒಂದು ಕಪಾಟೂ ಇರುತ್ತದೆ.

ಇಟಲಿಯ ಕಸವೆಲ್ಲ ಇಟಲಿಯಲ್ಲೇ ಬಿಟ್ಟು ಹೊರಡಿ. ಕಾರಿನಲ್ಲಿ ಉಳಿಯುವುದು ಎರಡು ಗುಂಪಿನ ಬಾಟಲಿ ಮಾತ್ರ. ಜರ್ಮನಿಯವನ್ನು ಮನೆ ಸೇರಿದ ಮೇಲೆ ನಿಧಾನವಾಗಿ ಕೊಡಬಹುದು. ಆಸ್ಟ್ರಿಯಾದವನ್ನು ಇನ್ಸ್‌ಬ್ರುಕ್‌ನಲ್ಲೋ, ಕೊನೆಗೆ ಗಡಿಯಂಚಿನ ಕುಫ್‌ಸ್ಟೈನ್‌ನಲ್ಲೋ ಯಂತ್ರಕ್ಕೆ ಹಾಕಬೇಕು. ವಾಪಸ್ ಪ್ರಯಾಣ ಶನಿವಾರವಾದರೆ ಸಂಜೆ ಆರರೊಳಗೆ ಅಲ್ಲಿ ಮುಟ್ಟುವಂತೆ ಹೊರಡಿ. ಭಾನುವಾರ ಹಿಂದಿರುಗುವವರಿಗೆ ಅಂಗಡಿಯೂ ಇಲ್ಲ, ಯಂತ್ರವೂ ಇಲ್ಲ. ಅಂಥವರು ಹೋಗುವಾಗಲೂ ಬರುವಾಗಲೂ ಆಸ್ಟ್ರಿಯಾದಲ್ಲಿ ಠೇವಣಿಯ ಬಾಟಲಿ ಕೊಳ್ಳದೆ, ನಲ್ಲಿ ನೀರು ತುಂಬಿಕೊಂಡು ಹೋಗುವುದೇ ಸರಿ.